ಒಣಗಿಸಿದ ತೋಟೆಗಳು

ನನ್ನ ಹೆಸರಿಗೆ ಕೋವಿಯ ಲೈಸೆನ್ಸ್ ಆದಾಗ ನಮ್ಮೂರ ಗಂಡಸರಿಗೆ ಒಂದು ವಾರಕ್ಕಾಗುವಷ್ಟು ನಗೆ ಸಿಕ್ಕಿತು. ಬೈಂದೂರಿನ ಒಳಗೆ, ಕಾಡಂಚಿನಲ್ಲಿ ನಮ್ಮ ಗದ್ದೆ. ಗಂಡ ಮುಂಬಯಿಯ ಹೋಟೆಲಿನಲ್ಲಿ, ಬೇಸಾಯ ನನ್ನ ತಲೆ ಮೇಲೆ, ಹಂದಿಗಳು ಗದ್ದೆಯಲ್ಲಿ. ಬೆಳೆ ಕಾಯಲು ಕೋವಿ ಬೇಕೆಂದು ಅರ್ಜಿ ಹಾಕಿದ್ದೆ. ಪೊಲೀಸರು ಕೊಡುವ ಬಂದೂಕು ತರಬೇತಿಗೆ ಹೋಗಿ ಹತ್ತರಲ್ಲಿ ಏಳು ಗುಂಡು ಗುರಿಗೆ ಹೊಡೆದು ಬಂದಿದ್ದೆ. ನಗುವವರು ನಗಲಿ, ನನ್ನ ಕೈ ಮೇಲೆ ನನಗೆ ನಂಬಿಕೆಯಿತ್ತು.

ಅದಕ್ಕಿಂತ ಹೆಚ್ಚಿನ ನಂಬಿಕೆ ಬ್ರಹ್ಮಾವರದ ಮಾವನ ಮೇಲೆ. ಅಮ್ಮನ ಅಣ್ಣ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿ, ಸೈಕಲ್ ಕಲಿಸಿ, ಧಾರೆ ಎರೆದು ಕೊಟ್ಟವರು. ಜೀವಮಾನವಿಡೀ ಕೋವಿ ಇಟ್ಟುಕೊಂಡವರು. ಮೊದಲ ಕೋವಿ ಆರಿಸಲು ಅವರನ್ನಲ್ಲದೆ ಇನ್ಯಾರನ್ನು ಕರೆದುಕೊಂಡು ಹೋಗಲಿ?

ಉಡುಪಿಯ ಅಂಗಡಿಯಲ್ಲಿ ನನ್ನ ಕಣ್ಣು ಬಿದ್ದದ್ದು ಒಂದು ತೆಳ್ಳಗಿನ ರೈಫಲಿನ ಮೇಲೆ. ಎತ್ತಿದರೆ ಕೈಗೆ ಹಗುರ, ಹೆಗಲಿಗೆ ಹಿತ. ಮಾವ ತಲೆಯಾಡಿಸಿದರು.

"ಇದ್ ಬ್ಯಾಡ ಹೆಣೆ. ರೈಫಲಿನ್ ಗುಂಡ್ ಎಲ್ಲಿಗ್ ಹೋಯಿ ಮುಟ್ಟತ್ತ್ ಅಂದೇ ಗೊತ್ತಾತಿಲ್ಲ. ನಿನ್ ಗದ್ದಿ ಆಚಿಗೆ ಮನಿ ಇತ್ತಲ್ದಾ?"

ಅದು ಸರಿಯಾದ ಮಾತೇ. ಚರೆ ತುಂಬಿದ ತೋಟೆ ಹಾಕುವ ಒಂಟಿ ನಳಿಗೆಯ ಕೋವಿಯೇ ಸಾಕು ಅಂದರು. ಅದರ ಹಿಡಿಯನ್ನು ನನ್ನ ಮೊಣಕೈಯ ಮಡಿಕೆಗೆ ಒತ್ತಿ, ಬೆರಳು ಟ್ರಿಗರಿಗೆ ಎಟಕುತ್ತದೆಯೇ ಎಂದು ನೋಡಿದರು. ಅಂಗಡಿಯವನೂ ಅವರ ಮುಂದೆ ಬಾಯಿ ಮುಚ್ಚಿಕೊಂಡ. ನನಗೆ ಹೆಮ್ಮೆಯೋ ಹೆಮ್ಮೆ. ಕೊನೆಗೆ ಯಾವುದನ್ನೂ ಕೊಳ್ಳದೆ ಹೊರಗೆ ಕರೆದುಕೊಂಡು ಬಂದು, "ಮನಿಯಂಗೆ ಕೋವಿ ಇಪ್ಪತಿಗೆ ಅಂಗ್ಡಿದ್ ಎಂತಕ್ಕೆ? ನಂದೇ ನೀನ್ ತಕೋ. ನಂಗ್ ಪ್ರಾಯ ಆಯ್ತ್" ಅಂದರು.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತುಬಿಟ್ಟೆ. ಸ್ವಂತ ಮಗನಿಗೂ ಕೊಡದ ಕೋವಿ ಅದು. ಕೋವಿ ರಿಪೇರಿಯ ಮಿಸ್ತ್ರಿಯ ಹತ್ತಿರ ಎಣ್ಣೆ ಹಾಕಿಸಿ, ಕಾಗದಪತ್ರ ಮಾಡಿಸಿ, ಮಳೆಗಾಲದಲ್ಲಿ ನನ್ನ ಕೈಗಿತ್ತರು.

ಭತ್ತ ಹಾಲುಗಟ್ಟುವಾಗ ಹಂದಿಗಳು ಬಂದವು. ಬೆಳಕು ಹರಿಯುವ ಹೊತ್ತು. ಬೆದರಿಸಿ ಓಡಿಸೋಣವೆಂದು ನಳಿಗೆ ಆಕಾಶಕ್ಕೆತ್ತಿ ಟ್ರಿಗರ್ ಎಳೆದೆ. ಟಕ್ ಅಂದಿತು, ಅಷ್ಟೆ. ಬೇರೆ ತೋಟೆ ಹಾಕಿದೆ. ಮತ್ತೆ ಟಕ್. ದೊಡ್ಡದೊಂದು ಹಂದಿ ತಲೆಯೆತ್ತಿ ನನ್ನತ್ತ ನಾಲ್ಕು ಹೆಜ್ಜೆ ಬಂತು. ನಾನು ಗದ್ದೆಯ ಅಂಚಿನಿಂದ ತೋಡಿಗೆ ಬಿದ್ದು, ಎದ್ದು, ಓಡಿದೆ.

ಫೋನ್ ಮಾಡಿದ್ದಕ್ಕೆ ಮಾವ ಮರುದಿನವೇ ಬಂದರು. "ತೋಟೆ ಥಂಡಿ ಹಿಡ್ದಿತ್. ಬಿಸ್ಲಿಗ್ ಹಾಕ್" ಅಂದರು. ಅಂಗಳದಲ್ಲಿ ಒಣಗುತ್ತಿದ್ದ ಕೊಬ್ಬರಿಯ ಪಕ್ಕ ಚಾಪೆ ಹಾಸಿ ತೋಟೆಗಳನ್ನು ಸಾಲಾಗಿಟ್ಟೆ. ಸ್ವಲ್ಪ ಹೊತ್ತಿಗೆ ಮಾವ ಜಗಲಿಯಿಂದಿಳಿದು ಬಂದು, ಕುಕ್ಕರುಗಾಲಲ್ಲಿ ಕೂತು, ಒಂದೊಂದನ್ನೇ ಮಗುಚಿ ಹಾಕಿದರು. "ಈ ಬದಿಯೂ ಒಣ್ಗಲಿ" ಅಂದರು.

ನೆಲಗಡಲೆಯ ಕಾಲಕ್ಕೂ ಅದೇ ಟಕ್. ಈ ಸಲ ತಪ್ಪು ನನ್ನದೇ ಎಂದುಕೊಂಡೆ. ತರಬೇತಿಯಲ್ಲಿ ಬಡಿದ ಏಳು ಗುಂಡು ಯಾರದೋ ಪುಣ್ಯ, ನನ್ನ ಕೈಗೆ ಕೋವಿ ಒಗ್ಗುವುದಿಲ್ಲ, ಊರವರು ನಕ್ಕದ್ದೇ ಸರಿ ಅನ್ನಿಸಿತು.

ಚುನಾವಣೆ ಬಂತೆಂದರೆ ಕೋವಿಗಳನ್ನೆಲ್ಲ ಠಾಣೆಯಲ್ಲಿಟ್ಟು ಬರಬೇಕು. ಠಾಣೆಯ ಜಗಲಿಯಲ್ಲಿ ಹತ್ತಾರು ಗಂಡಸರು, ನಾನೊಬ್ಬಳೇ ಹೆಂಗಸು, ಜೊತೆಗೆ ಮಾವ. ಪಕ್ಕದಲ್ಲಿ ಕೂತಿದ್ದವರು ಸೈನ್ಯದಿಂದ ನಿವೃತ್ತರಾದ ಒಬ್ಬ ಹಿರಿಯರು. ಟಕ್ ಅಂದು ಹಾರದೆ ಉಳಿದ ತೋಟೆಯೊಂದನ್ನು ಬ್ಯಾಗಿನಿಂದ ತೆಗೆದು, ಇದನ್ನು ಒಣಗಿಸುವ ಸರಿಯಾದ ಕ್ರಮ ಯಾವುದೆಂದು ಅವರನ್ನು ಕೇಳಿದೆ. ಅವರು ಅದರ ತಳವನ್ನು ಬೆಳಕಿಗೆ ಹಿಡಿದರು.

"ಹ್ವಾಯ್, ಇದ್ರಲ್ಲ್ ಪಿನ್ ಬಡ್ದ ಗುರ್ತೇ ಇಲ್ಯಲೆ!"

ಕೋವಿಯನ್ನು ಬಿಚ್ಚಿ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ತೋಟೆಗೆ ಬಡಿಯುವ ಪಿನ್ನಿನ ತುದಿಯನ್ನು ಯಾರೋ ಅರದಿಂದ ಉಜ್ಜಿ ತೆಗೆದಿದ್ದರು. "ಇದ್ರಂಗೆ ಏಳ್ ಜನ್ಮಕ್ಕೂ ಈಡ್ ಹೋತಿಲ್ಲ" ಅಂದರು. ಜಗಲಿಯಲ್ಲಿ ನಗು ಎದ್ದಿತು.

ನಾನು ಮಾವನತ್ತ ತಿರುಗಿದೆ. ಅವರು ನೆಲ ನೋಡುತ್ತಿದ್ದರು.

"ನಾನೇ ಮಾಡ್ಸದ್ದ್. ಕೈಯಂಗೆ ಕೋವಿ ಕಂಡ್ರೆ ಜನ ಹೆದ್ರತ್ರ್, ಅಷ್ಟ್ ಸಾಕ್. ನಿಂಗೆ ಎಂತಾರೂ ಆರೆ ನಿನ್ನಬ್ಬಿಗೆ, ನನ್ ತಂಗಿಗೆ, ನಾ ಎಂತ ಹೇಳೂದ್?"

"ಹಂದಿಗೆ ಯಾರ್ ಹೇಳೂದ್ ಮಾವ, ಹೆದ್ರ್ಕ್ ಅಂದ್?"

ನಾನು ಕೋವಿಯನ್ನು ಪೊಲೀಸರಿಗೆ ಒಪ್ಪಿಸಿ, ರಶೀದಿ ತೆಗೆದುಕೊಂಡು, ಒಬ್ಬಳೇ ಬಸ್ಸು ಹತ್ತಿದೆ.

ಚುನಾವಣೆ ಮುಗಿದ ಮೇಲೆ ಹೊಸ ಪಿನ್ ಹಾಕಿಸಿದೆ. ಆಕಾಶಕ್ಕೆ ಮೊದಲ ಈಡು ಹಾರಿಸಿದ್ದು ಮಾವ ಬಿಸಿಲಿಗೆ ಹಾಕಿಸಿದ ಆ ತೋಟೆಗಳಲ್ಲೇ ಒಂದರಿಂದ. ಗುಡ್ಡೆಗೆ ಗುಡ್ಡೆಯೇ ಮಾರ್ದನಿಸಿತು. ತೋಟೆಗೂ ಏನೂ ಆಗಿರಲಿಲ್ಲ, ನನ್ನ ಕೈಗೂ ಏನೂ ಆಗಿರಲಿಲ್ಲ.

ಪಿನ್ ಉಜ್ಜಿಸಿದ್ದು ಹೆದರಿಕೆಯಿಂದ ಇರಬಹುದು, ಪ್ರೀತಿಯಿಂದಲೂ ಇರಬಹುದು. ಅದನ್ನು ನಾನು ಎಂದಾದರೊಂದು ದಿನ ಕ್ಷಮಿಸಿಯೇನು. ಆದರೆ ಅಂದು ಅಂಗಳಕ್ಕಿಳಿದು ಬಂದು, ನನ್ನೆದುರೇ ಕೂತು, ಎಲ್ಲ ಗೊತ್ತಿದ್ದೂ ಒಂದೊಂದೇ ತೋಟೆಯನ್ನು ಮಗುಚಿ ಹಾಕಿದರಲ್ಲ, ಅದನ್ನು ಮಾತ್ರ ಕ್ಷಮಿಸಲಾರೆ.