ಹಳೆಯ ಕಾರಿಗೆ ಗಾಳಿ ಕೊಟ್ಟ ಇಸ್ಮತ್

ಬೆಳಗಿನ ಆರು ಗಂಟೆ. ರಾಮನಗರದ ತಗಡಿನ ಶೆಡ್ಡೊಂದರಲ್ಲಿ ಇಸ್ಮತ್ ಕೆಂಪು ಕಾರಿನ ಮುಂದೆ ಮಂಡಿಯೂರಿ ಕುಳಿತಿದ್ದಾರೆ. ಎಂಜಿನ್ ಆಫ್ ಆಗಿದೆ. ಅವರು ನಿನ್ನೆ ಕೂರಿಸಿದ ಕರೆಂಟಿನ ಫ್ಯಾನ್ ಮಾತ್ರ ರೇಡಿಯೇಟರಿನ ಹಿಂದೆ ತಿರುಗುತ್ತಿದೆ. ಗಂಡ ಶುಕೂರ್ ಮನೆಯಲ್ಲೇ ರೇಷ್ಮೆ ನೂಲು ತೆಗೆಯುವವರು. ಅಲ್ಲಿಂದ ತಂದ ಒಂದೆಳೆಯನ್ನು ಇಸ್ಮತ್ ಕಾರಿನ ಮೂತಿಗೆ ಹಿಡಿಯುತ್ತಾರೆ. ಫ್ಯಾನ್ ಗಾಳಿಯನ್ನು ಒಳಗೆಳೆದರೆ ಎಳೆ ಕಾರಿನತ್ತ ಬಾಗಬೇಕು. ಅದು ಅವರ ಮುಖದತ್ತಲೇ ಹಾರುತ್ತದೆ.

“ಉಲ್ಟಾ ತಿರುಗ್ತೈತೆ,” ಎನ್ನುತ್ತಾರೆ ಇಸ್ಮತ್. “ಅದಕ್ಕೇ ನಿನ್ನೆ ಬಿಸಿಯಾಗಿದ್ದು.”

ಕಾರಿನ ಯಜಮಾನ ಸಾತನೂರಿನ ರಾಮಲಿಂಗಯ್ಯ ಪಕ್ಕದಲ್ಲೇ ನಿಂತಿದ್ದಾರೆ. ಇಬ್ಬರೇ ಕೂರಬಹುದಾದ, ಟಾಪು ತೆಗೆಯಬಹುದಾದ ಈ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಐವತ್ತರ ದಶಕದ್ದು. ಅವರು ಹರೆಯದಲ್ಲಿ ಮೈಸೂರಿನಲ್ಲಿ ಡ್ರೈವರ್ ಆಗಿದ್ದಾಗ ಧಣಿಗಳು ಬಿಟ್ಟುಕೊಟ್ಟಿದ್ದು. ಎಂಜಿನ್ ಒಮ್ಮೆ ಕುದಿದು, ಅದರ ಮೇಲಿನ ಹೆಡ್ಡು ಬಾಗಿತ್ತು. ಇನ್ನೊಮ್ಮೆ ಕುದಿದರೆ ರಿಪೇರಿಯಿಲ್ಲ ಎಂದು ಅದನ್ನು ತೀಡಿ ಸರಿಪಡಿಸಿದ ಲೇತಿನವರು ಹೇಳಿದ್ದರು. ಹೋಟೆಲೊಂದರವರು ಶೋಕಿಗೆ ನಿಲ್ಲಿಸಿಕೊಳ್ಳಲು ಕೇಳುತ್ತಿದ್ದಾರೆ. ನಡುದಾರಿಯ ಬಿಸಿಲಲ್ಲಿ ನಿಂತು ಬೇಸತ್ತ ಹೆಂಡತಿ ಕಾವೇರಮ್ಮ ಕಾರು ಹತ್ತುವುದನ್ನೇ ಬಿಟ್ಟಿದ್ದಾರೆ.

“ಇದೊಂದು ಸಲ ನೋಡ್ತೀನಿ, ಇಸ್ಮತಮ್ಮ. ಆಗ್ನಿಲ್ಲ ಅಂದ್ರೆ ಕೊಟ್ಬುಡ್ತೀನಿ,” ಎನ್ನುತ್ತಾರೆ ರಾಮಲಿಂಗಯ್ಯ.

ಇಸ್ಮತ್ ರೇಡಿಯೇಟರ್ ಕೆಲಸ ಕಲಿತದ್ದು ತಂದೆ ಬಾಬಾಜಾನ್ ಅವರಿಂದ. ತಂದೆಯ ಕೈ ನಡುಗತೊಡಗಿದ ಮೇಲೆ ಬೆಸುಗೆಯ ಕಡ್ಡಿ ಮಗಳ ಕೈಗೆ ಬಂತು. ಈಗ ದಿನಕ್ಕೆ ನಾಲ್ಕೈದು ಲಾರಿ, ಟ್ರ್ಯಾಕ್ಟರುಗಳ ರೇಡಿಯೇಟರ್ ಬಿಚ್ಚುತ್ತಾರೆ. “ಮೊದ್ಲು ಹೆಂಗಸು ಮುಟ್ಟೋದು ಬ್ಯಾಡ ಅಂತ ಗಾಡಿ ವಾಪಸ್ ಹೋಗ್ತಿದ್ವು. ಬೆಸುಗೆ ಹಾಕಿದ್ನ ನೀರಲ್ಲಿ ಮುಳುಗ್ಸಿ ತೋರಿಸ್ತಿದ್ದೆ. ಒಂದು ಗುಳ್ಳೆನೂ ಬರ್ಲಿಲ್ಲ ಅಂದ್ರೆ, ಯಾರ್ ಮಾಡಿದ್ದು ಅಂತ ಆಮೇಲೆ ಯಾರೂ ಕೇಳಾಕಿಲ್ಲ.”

ಈ ಕಾರಿನ ಮೂಲ ಫ್ಯಾನ್ ಎಂಜಿನ್ನಿನ ಬೆಲ್ಟಿನಿಂದ ತಿರುಗುವಂಥದ್ದು. ಏರಿನಲ್ಲಿ ಕಾರು ನಿಧಾನವಾದಷ್ಟೂ ಅದೂ ನಿಧಾನ, ಗಾಳಿ ಬೇಕಾದಾಗಲೇ ಗಾಳಿಯಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಡೈನಮೋ ದೊಡ್ಡ ಫ್ಯಾನಿನ ಭಾರ ತಡೆಯದೆಂದು ಇಸ್ಮತ್ ಸಣ್ಣ ಕಾರೊಂದರ ಕರೆಂಟಿನ ಫ್ಯಾನ್ ಆರಿಸಿದ್ದಾರೆ. ರೇಡಿಯೇಟರಿನ ಜಾಲರಿಗೆ ಒಂದು ತೂತೂ ಬೀಳದಂತೆ ಅಂಚಿಗೆ ಪಟ್ಟಿ ಬಿಗಿದು, ಅದರಡಿ ಟೈರಿನ ಟ್ಯೂಬು ಕತ್ತರಿಸಿ ಇಟ್ಟಿದ್ದಾರೆ. ನೀರು ಕಾದಾಗ ತಾನೇ ಆನ್ ಆಗುವ ಸ್ವಿಚ್ಚೂ ಇದೆ; ಈಗ ಪರೀಕ್ಷೆಗೆಂದು ಅದನ್ನು ಬಿಟ್ಟು ಫ್ಯಾನನ್ನು ನೇರವಾಗಿ ಓಡಿಸಿದ್ದಾರೆ. ಅಷ್ಟಾದರೂ ನಿನ್ನೆ ಮೊದಲ ಏರಿನಲ್ಲೇ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯತ್ತ ಓಡಿತ್ತು. ಕುದಿಯುವ ಮುನ್ನವೇ ಕಾರು ನಿಲ್ಲಿಸಿ ವಾಪಸ್ ತಂದಿದ್ದರು.

ಇಸ್ಮತ್ ಬ್ಯಾಟರಿಯತ್ತ ಬಗ್ಗಿ ನೋಡುತ್ತಾರೆ. ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ಸು ಬಾಡಿಯ ತಗಡಿಗೆ ಸೇರಿರುತ್ತದೆ. ಈ ಕಾರಿನಲ್ಲಿ ಪ್ಲಸ್ಸು. ರೂಢಿಯಂತೆ ಫ್ಯಾನಿನ ಕಪ್ಪು ವೈರನ್ನು ಬಾಡಿಯ ತಗಡಿಗೆ ಕಟ್ಟಿದ್ದರಿಂದ ಫ್ಯಾನ್ ಹಿಂದುಮುಂದಾಗಿದೆ. ಎರಡು ವೈರು ಅದಲುಬದಲು ಮಾಡಿ ಮತ್ತೆ ಎಳೆ ಹಿಡಿಯುತ್ತಾರೆ. ಅದು ಸರ್ರನೆ ಹೋಗಿ ಜಾಲರಿಗೆ ಅಂಟಿಕೊಳ್ಳುತ್ತದೆ.

“ನಡೀರಿ ಅಣ್ಣಾ. ನಾನೂ ಬತ್ತೀನಿ.”

ಇಸ್ಮತ್ ಬಗ್ಗೆ ಬರೆಯಲು ಬಂದಿದ್ದ ನಾನು, ಶುಕೂರ್ ಓಡಿಸುತ್ತಿದ್ದ ಅವರ ಲಗೇಜ್ ಆಟೊದಲ್ಲಿ ಕನಕಪುರದ ದಾರಿಯಲ್ಲಿ ಹಿಂದೆ ಹೊರಟೆ. ಏರಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಅಡ್ಡ ಸಿಕ್ಕಿತು. ಟಾಪು ತೆಗೆದಿದ್ದ ಕಾರು ನಡಿಗೆಯ ವೇಗಕ್ಕಿಳಿಯಿತು. ಇಸ್ಮತ್ ಕತ್ತು ಮುಂದೆ ಚಾಚಿ ಮುಳ್ಳನ್ನೇ ನೋಡುತ್ತಿದ್ದರು. ನಮಗೂ ಕೇಳುವಂತೆ ಗುಂಯ್ ಎಂದು ಫ್ಯಾನ್ ಶುರುವಾಯಿತು. ರಾಮಲಿಂಗಯ್ಯನವರ ಬಿಗಿದ ಭುಜ ಸ್ವಲ್ಪಸ್ವಲ್ಪವಾಗಿ ಸಡಿಲಾದದ್ದು ನನಗೆ ಹಿಂದಿನಿಂದಲೇ ಕಂಡಿತು. ಎಪ್ಪತ್ತು ವರ್ಷದ ಯಂತ್ರವೊಂದು ಏದುಸಿರಿಲ್ಲದೆ ಏರು ಹತ್ತುತ್ತಿತ್ತು. ನಾನು ಬರೆದುಕೊಳ್ಳುವುದನ್ನೂ ಮರೆತು ನೋಡುತ್ತ ಕುಳಿತಿದ್ದೆ.

ಸಾತನೂರಿನಲ್ಲಿ ಕಾವೇರಮ್ಮ ಹೊಸ್ತಿಲಲ್ಲೇ ನಿಂತು ಕೇಳಿದರು, “ದಾರೀಲಿ ನಿಂತ್ಕತಾ?”

“ಇಲ್ಲ ಕಣಕ್ಕಾ. ಕುಂತ್ಕೊಳ್ಳಿ,” ಎಂದು ಇಸ್ಮತ್ ಇಳಿದು ಸೀಟು ಬಿಟ್ಟುಕೊಟ್ಟರು. ಗಂಡಹೆಂಡಿರಿಬ್ಬರೂ ಕಬ್ಬಾಳಮ್ಮನ ಗುಡಿಯ ಕಡೆ ಹೊರಟರು.

ಕಾರು ತಿರುವು ದಾಟುವವರೆಗೂ ಇಸ್ಮತ್ ನಿಂತು ನೋಡುತ್ತಾರೆ. ನಿಮಗೇನು ಆಸೆ ಎಂದು ಕೇಳಿದರೆ ಕೈಯ ಮಸಿ ಒರೆಸಿಕೊಳ್ಳುತ್ತ ಹೇಳುತ್ತಾರೆ: “ಆ ಗಾಡಿ ಇನ್ನು ನನ್ ಶೆಡ್ಡಿಗೆ ಬರ್ಬಾರ್ದು. ಬಂತು ಅಂದ್ರೆ ನನ್ ಕೆಲ್ಸ ಕೆಟ್ಟೈತೆ ಅಂತ. ರಾಮನಗರ ದಾಟ್ವಾಗ ನಿಲ್ಲಿಸ್ದೆ ಒಂದು ಹಾರನ್ ಹೊಡ್ಕೊಂಡು ಹೋಗ್ಲಿ, ಸಾಕು.”