ಚಿಕ್ಕಣ್ಣನ ಕೂಗು

ದೆವ್ವ, ಗಾಳಿ, ಮೈಮೇಲೆ ಬರುವುದು ಎಂದು ಯಾರಾದರೂ ಮಾತೆತ್ತಿದರೆ ಒಲೆಯ ಮೇಲಿನ ಹಾಲು ನೋಡುವ ನೆಪದಲ್ಲಿ ಎದ್ದು ಹೋಗುವ ಪೈಕಿ ನಾನು. ನರ್ಸ್ ಕೆಲಸ ಮಾಡಿದವಳು. ಹೆಣದ ಕೋಣೆಯಲ್ಲಿ ಯಾರೋ ಅಳುತ್ತಾರೆಂದು ಜೊತೆಯವರು ಹೆದರಿಸಿದಾಗ ಟಾರ್ಚ್ ಹಿಡಿದು ಹೋಗಿ, ಅಲ್ಲಿ ಮರಿ ಹಾಕಿದ್ದ ಬೆಕ್ಕನ್ನು ಎತ್ತಿ ತಂದು ತೋರಿಸಿದ್ದೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಎಪ್ಪತ್ತರ ದಶಕದಲ್ಲಿ ನಾನು ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿದ್ದೆ. ಒಂದು ಬೇಸಿಗೆಯಲ್ಲಿ ಪೊಲೀಸರು ಚಿಕ್ಕಣ್ಣ ಎಂಬ ವಿಚಾರಣಾ ಕೈದಿಯನ್ನು ಜೈಲಿನಿಂದ ಕರೆತಂದರು. ಹಿರಿಯೂರು ತಾಲ್ಲೂಕಿನ ಹರಿಯಬ್ಬೆ ಕಡೆಯ ಕುರಿಗಾಹಿ. ಹೊಲಕ್ಕೆ ಕುರಿ ನುಗ್ಗಿದ ಜಗಳದಲ್ಲಿ ಆ ಹೊಲದವನ ತಲೆಗೆ ಕೋಲಿನಿಂದ ಹೊಡೆದಿದ್ದ. ಪೆಟ್ಟು ತಿಂದವನು ಬಹಳ ದಿನ ನರಳಿ ಬದುಕಿಕೊಂಡ. ಆದರೂ ಕೊಲೆ ಯತ್ನದ ಕೇಸು ಬಿದ್ದಿತ್ತು. ಬಂಧಿಸಿದ ದಿನದಿಂದ ಚಿಕ್ಕಣ್ಣ ಬಾಯಿ ತೆರೆದಿರಲಿಲ್ಲ, ಮಾತಿಗೂ ಇಲ್ಲ, ಊಟಕ್ಕೂ ಇಲ್ಲ. ಅವನ ಕೈಯನ್ನು ನಾವು ಎತ್ತಿಟ್ಟರೆ ಅದು ಎತ್ತಿದಲ್ಲೇ ಇರುತ್ತಿತ್ತು. ಇವನಿಗೆ ಬುದ್ಧಿ ಸ್ವಾಧೀನದಲ್ಲಿದೆಯೇ, ಆರೋಪಕ್ಕೆ ಉತ್ತರ ಹೇಳಬಲ್ಲನೇ ಎಂದು ನ್ಯಾಯಾಧೀಶರು ಕೇಳಿ ಕಳಿಸಿದ್ದರು. ಉತ್ತರದ ಮಾತಿರಲಿ, ಹೀಗೇ ಬಿಟ್ಟರೆ ಅವನು ಉಳಿಯುವುದೇ ಅನುಮಾನವಾಗಿತ್ತು. ಮೂಗಿನ ನಳಿಕೆಯಲ್ಲಿ ಗಂಜಿ ಬಿಡುತ್ತಿದ್ದವಳು ನಾನೇ.

ನಮ್ಮ ಮನೋರೋಗದ ಡಾಕ್ಟರು ತಲೆಗೆ ಕರೆಂಟ್ ಕೊಡುವ ಚಿಕಿತ್ಸೆ ಮಾಡೋಣವೆಂದರು. ಅದನ್ನು ಕೇಳಿ ಕಾವಲಿಗಿದ್ದ ಹವಾಲ್ದಾರನಿಗೆ ಖುಷಿಯೋ ಖುಷಿ.

"ಒಳ್ಳೇದಾತು ಸಾರ್. ಕರೆಂಟ್ ಹೊಡುದ್ರೆ ಎಲ್ಲಾ ಕಕ್ತಾನೆ. ನಾನೂ ಒಳಗೇ ನಿಂತ್ಕಂತೀನಿ" ಎಂದ.

ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತು. "ಇದು ಬಾಯಿ ಬಿಡಿಸೋ ಮಿಷನ್ ಅಲ್ಲ ಕಣಯ್ಯಾ! ಅವನು ಮಂಪರಿನಲ್ಲಿ ಏನಂದರೂ ಅದು ನಿನ್ನ ಕಿವಿಗೆ ಬೀಳಬಾರದು" ಎಂದು ಅವನನ್ನು ವರಾಂಡದ ಆಚೆಗೆ ಅಟ್ಟಿ ಬಾಗಿಲು ಹಾಕಿಸಿದರು. ಡಾಕ್ಟರ ಮೇಲೆ ನನಗೆ ಗೌರವ ಹುಟ್ಟಿದ್ದು ಅವತ್ತೇ. ಚಿಕ್ಕಣ್ಣನ ಹೆಂಡತಿ ಗಿರಿಯಮ್ಮನನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಕೊನೆಗೆ ನನ್ನ ಮುಖ ನೋಡಿ, ನಿಮ್ಮನ್ನು ನಂಬುತ್ತೇನೆ ಎಂಬಂತೆ ತಲೆಯಾಡಿಸಿದಳು.

ಮೊದಲು ನಿದ್ದೆಯ ಇಂಜೆಕ್ಷನ್ ಕೊಟ್ಟು, ನಾಲಿಗೆ ಕಚ್ಚಿಕೊಳ್ಳದಂತೆ ಬಾಯಲ್ಲಿ ರಬ್ಬರ್ ಇಟ್ಟೆವು. ಭುಜ ಒಬ್ಬರು, ಕಾಲು ಒಬ್ಬರು ಹಿಡಿದರು, ಗದ್ದ ನಾನು ಹಿಡಿದೆ. ಡಾಕ್ಟರು ಕಣತಲೆಗೆ ಬಿಲ್ಲೆಗಳನ್ನು ಒತ್ತಿ ಗುಂಡಿ ಅದುಮಿದರು. ನನಗೆ ಏನೂ ಆಗಲಿಲ್ಲ, ಕೈ ಕೂಡ ಜುಮ್ಮೆನ್ನಲಿಲ್ಲ. ಸುಳ್ಳೇಕೆ ಹೇಳಲಿ. ಇದೇ ಚಿಕಿತ್ಸೆ ಕೆಲವು ದಿನ ಬಿಟ್ಟು ಬಿಟ್ಟು ನಡೆಯಿತು. ಒಂದು ಬೆಳಿಗ್ಗೆ ನಾನು ನಳಿಕೆ ಹಿಡಿದು ಹೋದಾಗ ಚಿಕ್ಕಣ್ಣ ಎದ್ದು ಕುಳಿತು, "ಮಜ್ಜಿಗೆ ಐತೇನ್ರಿ?" ಎಂದ. ನಾನು ನಳಿಕೆ ಅಲ್ಲೇ ಬಿಟ್ಟು ಓಡಿದೆ. ಹವಾಲ್ದಾರನೇ ಹೋಟೆಲಿನಿಂದ ಮಜ್ಜಿಗೆ ತಂದುಕೊಟ್ಟ.

ಕೋರ್ಟಿನಲ್ಲಿ ಚಿಕ್ಕಣ್ಣ ತಾನೇ ನಿಂತು ನಡೆದದ್ದನ್ನು ಹೇಳಿದನಂತೆ. ಮೊದಲು ಕೈ ಎತ್ತಿದ್ದು ತಾನೇ ಎಂದು ಪೆಟ್ಟು ತಿಂದವನೂ ಒಪ್ಪಿಕೊಂಡನಂತೆ. ಚಿಕ್ಕಣ್ಣ ಬಿಡುಗಡೆಯಾಗಿ ಊರಿಗೆ ಹೋದ. ನಮಗೆಲ್ಲ ಸಮಾಧಾನವಾಯಿತು.

ಅದೇ ದಿನಗಳಲ್ಲಿ ನನ್ನ ಗಂಟಲಿಗೆ ಒಂದು ಶಬ್ದ ಸೇರಿಕೊಂಡಿತ್ತು. ಸಿರಿಂಜು ಕುದಿಸುವಾಗ, ಹಾಸಿಗೆಯ ಬಟ್ಟೆ ಬದಲಿಸುವಾಗ ನನಗೆ ಗೊತ್ತಿಲ್ಲದೆ ಬರುತ್ತಿತ್ತು. ಹಾಡಲ್ಲ, ಮಾತಲ್ಲ. ಅಂಗುಳಿನಿಂದ ಒಡೆದುಕೊಂಡು ಬರುವ ಒಂದು ಎಳೆದ ದನಿ. ಗಂಟಲು ಕಟ್ಟಿದೆಯೇನಮ್ಮ ಎಂದು ಆಯಾ ಎರಡು ಸಲ ಉಪ್ಪುನೀರು ತಂದುಕೊಟ್ಟಿದ್ದಳು.

ಮಳೆಗಾಲ ಕಳೆಯುವ ಹೊತ್ತಿಗೆ ಗಿರಿಯಮ್ಮ ಒಬ್ಬಳೇ ಆಸ್ಪತ್ರೆಗೆ ಬಂದಳು. ಬಂದವಳೇ ವಾರ್ಡಿನ ಬಾಗಿಲಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು.

"ನರ್ಸಮ್ಮ, ನನ್ ಗಂಡನ ಕೂಗು ಇಲ್ಲೇ ಉಳ್ಕಂಡೈತೆ. ಆ ಕರೆಂಟ್ ಪೆಟ್ಟಿಗೆಯಾಗೆ ಹುಡುಕಿ ಕೊಡ್ರಿ."

ಅವರ ಹಟ್ಟಿಯಲ್ಲಿ ಒಬ್ಬೊಬ್ಬ ಕುರಿಗಾಹಿಗೂ ಕುರಿ ಕರೆಯಲು ಅವನದೇ ಒಂದು ಕೂಗು. ಹುಡುಗನ ವಶಕ್ಕೆ ಕುರಿ ಕೊಟ್ಟಾಗ ಅವನೇ ಕಟ್ಟಿಕೊಂಡದ್ದು. ಒಬ್ಬನ ಕೂಗನ್ನು ಇನ್ನೊಬ್ಬ ಕೂಗುವಂತಿಲ್ಲ, ತಮಾಷೆಗೂ ಇಲ್ಲ. ಕುರಿಗಳೂ ಬೇರೆ ಕೂಗಿಗೆ ಬರುವುದಿಲ್ಲ. ಚಿಕ್ಕಣ್ಣನಿಗೆ ಹೆಂಡತಿ, ಮಕ್ಕಳು, ಊರು ಎಲ್ಲ ನೆನಪಿತ್ತು. ಕೂಗು ಮಾತ್ರ ಅಳಿಸಿ ಹೋಗಿತ್ತು. ಮಂದೆ ಅವನ ಹಿಂದೆ ಬರುತ್ತಿರಲಿಲ್ಲ, ಗಿರಿಯಮ್ಮನ ಮೈದುನ ಕೋಲು ಹಿಡಿದು ಕುರಿಗಳನ್ನು ಅಟ್ಟಾಡಿಸುತ್ತಿದ್ದ. ಚಿಕ್ಕಣ್ಣ ಕುರಿ ಕೂಡುವ ರೊಪ್ಪದ ಬೇಲಿ ಹತ್ತಿರ ಸುಮ್ಮನೆ ಕೂರತೊಡಗಿದ್ದ, ತುತ್ತು ಕಡಿಮೆಯಾಗುತ್ತಿತ್ತು.

ಚಿಕಿತ್ಸೆಯ ನಂತರ ಮರೆವು ಸಹಜ, ನಿಧಾನವಾಗಿ ನೆನಪು ಬರುತ್ತದೆ ಎಂದು ಡಾಕ್ಟರು ಅವಳಿಗೆ ಸಮಾಧಾನ ಹೇಳಿದರು. ಆದರೆ ನನ್ನನ್ನು ಪಕ್ಕಕ್ಕೆ ಕರೆದು, "ಅವನು ಮತ್ತೆ ಊಟ ಬಿಟ್ಟರೆ ಕಷ್ಟ ಸಿಸ್ಟರ್, ಒಮ್ಮೆ ನೋಡಿಕೊಂಡು ಬನ್ನಿ" ಎಂದರು. ಮರುದಿನ ಗಿರಿಯಮ್ಮನ ಜೊತೆ ಬಸ್ಸು ಹತ್ತಿದೆ. ಐಮಂಗಲ ದಾಟುವಾಗ ನನ್ನ ಗಂಟಲಿನಿಂದ ಆ ಶಬ್ದ ಹೊರಟಿತು. ಗಿರಿಯಮ್ಮ ತಟ್ಟನೆ ನನ್ನ ಬಾಯಿ ಮುಚ್ಚಿದಳು.

"ಇಲ್ಲಿ ಬ್ಯಾಡ್ರಿ, ಉಳಿಸ್ಕಳ್ರಿ" ಎಂದಳು. ಹರಿಯಬ್ಬೆ ಬರುವವರೆಗೆ ನನ್ನ ಕೈಯನ್ನು ಬಿಡಲೇ ಇಲ್ಲ.

ನಡು ಮಧ್ಯಾಹ್ನ. ಶೇಂಗಾ ಕಿತ್ತ ಹೊಲದಲ್ಲಿ ಮಂದೆ ಚೆಲ್ಲಾಪಿಲ್ಲಿಯಾಗಿ ಮೇಯುತ್ತಿತ್ತು. ಬಿಳಿ ಸೀರೆ ಉಟ್ಟ ನಾನು, ನನ್ನ ಹಿಂದೆ ಹಟ್ಟಿಯ ಹೆಂಗಸರು, ಎದುರಿಗೆ ಮೊಣಕಾಲು ಕಟ್ಟಿಕೊಂಡು ಕುಳಿತ ಚಿಕ್ಕಣ್ಣ. ನಾಚಿಕೆಯಿಂದ ನನ್ನ ಕಿವಿಯೆಲ್ಲ ಬಿಸಿಯಾಗಿತ್ತು. ಕಣ್ಣು ಮುಚ್ಚಿ ಕೂಗಿದೆ. ಕುರಿಗಳು ಒಟ್ಟಿಗೇ ತಲೆ ಎತ್ತಿದವು. ಆಮೇಲೆ ಧೂಳೆಬ್ಬಿಸಿಕೊಂಡು ಬಂದು ನನ್ನನ್ನು ಮುತ್ತಿಕೊಂಡವು, ಒಂದು ಟಗರು ನನ್ನ ಸೆರಗನ್ನೇ ಬಾಯಿಗೆ ಹಾಕಿತು. ಹೆಂಗಸರು ಹೋ ಎಂದು ನಕ್ಕರು.

ಚಿಕ್ಕಣ್ಣ ಎದ್ದು ನಿಂತಿದ್ದ. "ಅದು ನಂದು ಕಣ್ರಿ, ನಂದು!" ಎಂದು ಎದೆ ಮುಟ್ಟಿಕೊಂಡ. "ಇನ್ನೊಂದ್ಸಲ ಅನ್ರಿ ನರ್ಸಮ್ಮ." ಅವನ ನಾಲಿಗೆಗೆ ಹತ್ತುವವರೆಗೂ ನಾನು ಕೂಗಿದೆ, ಅವನು ಕೂಗಿದ. ಕೊನೆಗೆ ಮಂದೆ ನನ್ನನ್ನು ಬಿಟ್ಟು ಅವನ ಸುತ್ತ ಸೇರಿತು. ಅಷ್ಟು ಸಂತೋಷದ ಮುಖವನ್ನು ನಾನು ನನ್ನ ನೌಕರಿಯಲ್ಲಿ ಹೆಚ್ಚು ಕಂಡಿಲ್ಲ. ಅದಾದ ಮೇಲೆ ನಾನೂ ಒಮ್ಮೆ ಕೂಗಲು ಹೋದೆ, ಬಾಯಿಗೆ ಬರಲೇ ಇಲ್ಲ. ಇವತ್ತಿಗೂ ಬಂದಿಲ್ಲ.

ಇಷ್ಟೇ ಆಗಿದ್ದರೆ, ಚಿಕಿತ್ಸೆಯ ಮಂಪರಿನಲ್ಲಿ ಅವನು ಕೂಗಿದ್ದನ್ನು ನಾನು ಕೇಳಿಸಿಕೊಂಡಿದ್ದೆ ಎಂದು ಸುಮ್ಮನಿರಬಹುದಿತ್ತು. ಡಾಕ್ಟರೂ ಆಮೇಲೆ ಹಾಗೇ ಅಂದರು. ಆದರೆ ನಾನು ಬಸ್ಸಿಗೆ ಹೊರಟಾಗ ಚಿಕ್ಕಣ್ಣ ತಲೆ ಕೆರೆದುಕೊಳ್ಳುತ್ತ ಹಿಂದೆ ಬಂದ.

"ನಿಮ್ದೂ ಒಂದು ಕೂಗು ನನ್ ತಾವ ಐತೆ ಅನ್ಸತೈತ್ರಿ. ಆಸ್ಪತ್ರೇಲಿಂದ ಬಂದಾಗಿಂದ ಯಾರೋ ಹೆಣ್ಣೆಂಗಸು ಕರದಂಗಾತೈತೆ. ನಮ್ ಕಡೇರಲ್ಲ" ಎಂದ. ನಂತರ ತನ್ನ ಒಡಕು ಗಂಟಲನ್ನು ಆದಷ್ಟು ಮೆತ್ತಗೆ ಮಾಡಿ ರಾಗವಾಗಿ ಕರೆದ. "ಬುಗುರೀ... ಬಾರೇ ನನ್ ಬುಗುರೀ..."

ನನಗೆ ಏನೂ ಅರ್ಥವಾಗಲಿಲ್ಲ. ನಕ್ಕು ಬಸ್ಸು ಹತ್ತಿದೆ.

ಆಮೇಲೆ ರಜೆಯಲ್ಲಿ ಹೊಳಲ್ಕೆರೆ ಕಡೆಯ ನಮ್ಮೂರು ತಾಳ್ಯಕ್ಕೆ ಹೋದಾಗ, ನನ್ನನ್ನು ಸಾಕಿದ ಸೋದರತ್ತೆಗೆ ಇದನ್ನೆಲ್ಲ ತಮಾಷೆಯಾಗಿಯೇ ಹೇಳಿದೆ. ಚಿಕ್ಕಣ್ಣ ಕರೆದಂತೆ ಕರೆದೂ ತೋರಿಸಿದೆ. ರೊಟ್ಟಿ ತಟ್ಟುತ್ತಿದ್ದ ಅತ್ತೆಯ ಕೈ ನಿಂತಿತು.

"ಯಾರೇ ಹೇಳಿದ್ದು ನಿಂಗೆ? ನಿಮ್ಮವ್ವ ಕಣೇ ಹಂಗೆ ಕರೀತಿದ್ದಿದ್ದು. ಆಗ ನೀನಿನ್ನೂ ಹೆಜ್ಜೆ ಇಡ್ತಿದ್ದೆ, ಗಿರಗಿರ ತಿರುಗಿ ಬೀಳ್ತಿದ್ದೆ. ಅವಳು ಹೋದ ಮ್ಯಾಲೆ ಈ ಮನೇಲಿ ಯಾರೂ ಆ ಹೆಸರು ಎತ್ತಿಲ್ಲ" ಎಂದಳು.

ನಾನು ಒಲೆಯ ಮುಂದೆಯೇ ಕುಳಿತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅದು ದುಃಖದ ಅಳುವಲ್ಲ.

ಇದು ಹೇಗಾಯಿತು ಎಂದು ನನಗೆ ಈಗಲೂ ಗೊತ್ತಿಲ್ಲ. ಎಷ್ಟೋ ರೋಗಿಗಳ ಗದ್ದ ಹಿಡಿದೆ, ಮತ್ತೆಂದೂ ಹೀಗಾಗಲಿಲ್ಲ. ಅವ್ವನ ಮುಖ ನನಗೆ ಎಷ್ಟು ಪ್ರಯತ್ನಿಸಿದರೂ ನೆನಪಿಗೆ ಬರುವುದಿಲ್ಲ. ಅವಳು ಕರೆಯುವುದು ಮಾತ್ರ ಕೇಳಿಸುತ್ತದೆ, ಚಿಕ್ಕಣ್ಣನ ಒಡಕು ಗಂಟಲಿನಲ್ಲಿ.