ದೋಣಿಯಲ್ಲಿ ಕೇಳಿಸಿದ ಕಡಬದ ಮಾತು

“ತೋಟಕ್ಕೆ ನೀರು ಬುಟ್ಟ್ಯೇನ್ಲಾ? ಕಾಯಿ ಕೆಡವ್ಸೋಕೆ ಆಳು ಬಂದ್ರಾ?”

ಥಾಯ್ಲೆಂಡಿನ ದೋಣಿಯಲ್ಲಿ ನಮ್ಮ ಕಡೆಯ ಮಾತು ಕೇಳಿ ಬೆಚ್ಚಿ ತಿರುಗಿದೆ. ಅರವತ್ತು ದಾಟಿದ ಹೆಂಗಸೊಬ್ಬರು ಫೋನು ಕಿವಿಗಿಟ್ಟುಕೊಂಡು ಕೂತಿದ್ದರು. ಬಸ್ಸು, ದೋಣಿ ಎರಡಕ್ಕೂ ಸೇರಿದ ಅಗ್ಗದ ಟಿಕೆಟ್ಟಿನಲ್ಲಿ ನನ್ನಂತೆ ಅವರೂ ಒಬ್ಬರೇ ದ್ವೀಪಗಳ ಕಡೆಗೆ ಹೊರಟಿದ್ದರು. ಅವರ ಮಾತು ಮುಗಿಯುವವರೆಗೆ ಕಾದು, “ನಾನು ತುಮಕೂರಿನವಳು” ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. ಗುಬ್ಬಿ ತಾಲ್ಲೂಕಿನ ಕಡಬದವರಂತೆ.

“ಫೋನಲ್ಲಿ ಯಾರೂ ಇರ್ಲಿಲ್ಲ ಕಣಮ್ಮ. ಕನ್ನಡ ಆಡಿ ಐದು ದಿನ ಆಯ್ತು. ತಡಿಯಕ್ಕಾಗ್ದೆ ಸುಮ್ನೆ ಮಾತಾಡ್ಕಂಡೆ.”

ಜೊತೆಗೆ ಬರುವವರಿಗಾಗಿ ವರ್ಷಗಟ್ಟಲೆ ಕಾದು, ಕೊನೆಗೆ ಒಬ್ಬರೇ ಹೊರಟು ಬಂದಿದ್ದರು. ನನ್ನದೂ ಅದೇ ಕತೆ. ಮೊದಲ ದ್ವೀಪ ಬರುವವರೆಗೆ ಇಬ್ಬರೂ ಬಾಯಿ ಮುಚ್ಚಲಿಲ್ಲ. ಬ್ಯಾಗು ಎತ್ತಿಕೊಳ್ಳುತ್ತಾ, “ನೀನೂ ಇಲ್ಲೇ ಇಳ್ಕೊಳಮ್ಮ” ಎಂದರು. ಮುಂದಿನ ದ್ವೀಪದಲ್ಲಿ ರೂಮು ಬುಕ್ ಮಾಡಿದ್ದೇನೆ ಎಂದೆ. ಅವರು ತಲೆಯಾಡಿಸಿ ಇಳಿದುಹೋದರು.

ನಾನು ರೂಮು ಹಿಡಿದಿದ್ದ ದ್ವೀಪದಲ್ಲಿ ನಾಲ್ಕು ದಿನ ಇದ್ದೆ. ಸಮುದ್ರ ಫೋಟೋದಲ್ಲಿ ಕಂಡಷ್ಟೇ ನೀಲಿಯಾಗಿತ್ತು. ಅದನ್ನು ಕನ್ನಡದಲ್ಲಿ ಹೇಳೋಣವೆಂದರೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಅವರು ಕರೆದಾಗ ಇಳಿದುಬಿಡಬೇಕಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.